ಆಚೆ ದಡದ ಹುಳಿನೀರು

ನಿಂಬೆಹಣ್ಣು ಹಿಂಡಿ, ಸಕ್ಕರೆ ಕದಡಿ, ಒಂದು ಚಿಟಿಕೆ ಉಪ್ಪು ಹಾಕಿದರೆ ನದಿಯ ಈಚೆ ದಡದಲ್ಲಿ ಅದು ಶರಬತ್ತು. ಸೇತುವೆ ದಾಟಿದರೆ ಅದಕ್ಕೇ ಹುಳಿನೀರು ಅನ್ನುತ್ತಾರೆ, ಉಪ್ಪು ಮಾತ್ರ ಎರಡು ಚಿಟಿಕೆ. ಇಷ್ಟಕ್ಕೇ ಜನ ಒಬ್ಬರ ಮುಖ ಒಬ್ಬರು ನೋಡದೆ ಬದುಕಬಲ್ಲರೇ ಅಂದರೆ, ಧಾರಾಳವಾಗಿ ಬದುಕಬಲ್ಲರು. ಕಣ್ಣಾಸ್ಪತ್ರೆಯ ಎದುರಿನ ಹೋಟೆಲಿನಲ್ಲಿ ಅದನ್ನು ಬರೆಸಿ ಗೋಡೆಗೇ ತೂಗುಹಾಕಿದ್ದರು: ‘ಆಚೆ ದಡದವರಿಗೆ ಇಲ್ಲಿ ಊಟ ಉಂಟು, ಕೆಲಸ ಇಲ್ಲ.’ ಬರೆಸಿದ ಹಿರಿಯರು ತೀರಿಕೊಂಡು ಬಹಳ ಕಾಲವಾಗಿತ್ತು. ಈಗ ಗಲ್ಲಾದಲ್ಲಿ ಅವರ ಮಗಳು ಕೂರುತ್ತಿದ್ದಳು, ಮೇಜುಗಳ ನಡುವೆ ಅಳಿಯ, ಅಂದರೆ ಈಗಿನ ಯಜಮಾನರು, ಓಡಾಡುತ್ತಿದ್ದರು.

ಆ ಬೋರ್ಡಿನ ಕೆಳಗೇ ಹನ್ನೊಂದು ವರ್ಷದಿಂದ ಲೋಟ ಹೊರುತ್ತಿದ್ದ ಸಪ್ಲೈಯರ್ ಉದ್ದಣ್ಣ ಅಪ್ಪಟ ಆಚೆ ದಡದವನು. ಕೆಲಸ ಕೇಳಲು ಬಂದ ದಿನ ‘ಈಚೆಯವನೇ’ ಎಂದು ಕಣ್ಣು ಮಿಟುಕಿಸದೆ ಹೇಳಿಬಿಟ್ಟಿದ್ದ. ಅಂದಿನಿಂದ ಶರಬತ್ತು, ಶರಬತ್ತು ಎಂದು ಕೂಗಿ ಕೂಗಿ ಅವನ ನಾಲಿಗೆ ಪಳಗಿಹೋಗಿತ್ತು. ನಲವತ್ತೆಂಟರ ವಯಸ್ಸಿನಲ್ಲಿ ಈ ಕೆಲಸ ಹೋದರೆ ಬೇರೆ ಯಾರೂ ತನ್ನನ್ನು ಮೂಸಿಯೂ ನೋಡುವುದಿಲ್ಲ ಎಂಬ ಭಯ ಅವನಿಗಿತ್ತು. ಅದಕ್ಕೇ ಹೆತ್ತ ತಾಯಿಯನ್ನೂ ಇಲ್ಲದ ನೆಪ ಹೇಳಿ ಸೇತುವೆಯ ಆಚೆಗೇ ಇಟ್ಟಿದ್ದ.

ಆದರೆ ಕಣ್ಣಿಗೆ ನೆಪ ಹೇಳಲಾಗುತ್ತದೆಯೇ? ಅಂದು ಮಧ್ಯಾಹ್ನ ತಾಯಿ ಕಣ್ಣಾಸ್ಪತ್ರೆಯಿಂದ ಹೊಸ ಕನ್ನಡಕ ಏರಿಸಿಕೊಂಡು ನೇರ ಹೋಟೆಲಿಗೇ ಬಂದು, ಬಾಗಿಲ ಪಕ್ಕದ ಮೇಜಿಗೆ ಕೂತಳು.

“ಎಷ್ಟು ಸೊರಗಿದ್ದೀಯೋ! ಇಷ್ಟು ದಿನ ನನಗೆ ಕಾಣ್ತಾನೇ ಇರ್ಲಿಲ್ಲ!”

ಉದ್ದಣ್ಣನ ಜೀವ ಬಾಯಿಗೆ ಬಂತು. ಅಮ್ಮನ ಗಂಟಲು ಬೇರೆ ಮೂರು ಬೀದಿಗೆ ಕೇಳುವಂಥದ್ದು. ಅವಳು ಏನಾದರೂ ಕೇಳುವ ಮೊದಲೇ ಪಕ್ಕದ ಮೇಜಿಗೆ ಹೊರಟಿದ್ದ ಲೋಟವನ್ನು ಅವಳ ಮುಂದೆ ಕುಕ್ಕಿದ.

“ಅಮ್ಮಾ, ಕುಡಿ. ಮಾತಾಡ್ಬೇಡ.”

ಅವಳು ಒಂದೇ ಗುಟುಕಿಗೆ ಮುಗಿಸಿದಳು. ಅಷ್ಟರಲ್ಲಿ ಯಜಮಾನರೇ ನಗುನಗುತ್ತ ಬಂದರು.

“ಇನ್ನೇನು ಕೊಡ್ಲಿ ಅಮ್ಮಾ?”

“ಇನ್ನೊಂದು ಹುಳಿನೀರು ಕೊಡಪ್ಪ. ಉಪ್ಪು ಸರಿಯಾಗಿ ಹಾಕು, ಇದು ಸಪ್ಪೆ.”

ಹನ್ನೊಂದು ವರ್ಷ ಕಾಪಾಡಿದ್ದು ಒಂದು ಗುಟುಕಿನಲ್ಲಿ ನೀರುಪಾಲಾಯಿತು. ಉದ್ದಣ್ಣ ಹೆಗಲ ಮೇಲಿನ ಬಟ್ಟೆಯನ್ನು ತೆಗೆದು ಅವರ ಕೈಗೆ ಕೊಡಲು ಸಿದ್ಧನಾದ. ಆದರೆ ಯಜಮಾನರು ಅವನ ಕಡೆ ನೋಡಲೇ ಇಲ್ಲ. ಗಲ್ಲಾದ ಕಡೆ ಕಳ್ಳನೋಟ ಹಾಕಿ, ಕುರ್ಚಿ ಎಳೆದು ಕೂತು, ಪಿಸುಗುಟ್ಟಿದರು.

“ಸೇತುವೆ ಆಚೆಯ ಹಿಟ್ಟಿನ ಗಿರಣಿ ಇನ್ನೂ ಇದೆಯಾ ಅಮ್ಮಾ?”

“ಇದೆಯಪ್ಪ. ನಿನಗೆ ಹೇಗೆ ಗೊತ್ತು?”

“ಅದರ ಹಿಂದೇನೇ ನಮ್ಮನೆ.”

ಉದ್ದಣ್ಣ ಬಟ್ಟೆಯನ್ನು ಮತ್ತೆ ಹೆಗಲಿಗೇರಿಸಿದ. ಗಲ್ಲಾದಿಂದ ಯಜಮಾನಿ ಕೂಗಿದಳು, “ಅಲ್ಲೇನಂತೆ?”

“ಶರಬತ್ತು!” ಯಜಮಾನರೂ ಉದ್ದಣ್ಣನೂ ಒಂದೇ ಉಸಿರಿಗೆ ಅರಚಿದರು.

ಯಜಮಾನಿ ಎದ್ದು ಬಂದು ಸೊಂಟಕ್ಕೆ ಕೈ ಕೊಟ್ಟು ನಿಂತಳು. “ನಾನೇನು ಕಿವುಡೀನಾ? ಮದುವೆಯಾಗಿ ಇಪ್ಪತ್ತಾರು ವರ್ಷ ಆಯ್ತು. ಜ್ವರ ಬಂದಾಗಲೆಲ್ಲ ಈ ಮನುಷ್ಯ ಹುಳಿನೀರು, ಹುಳಿನೀರು ಅಂತ ಕನವರಿಸ್ತಾರೆ. ನಾನೇ ಮಾಡಿ ಕುಡಿಸಿದ್ದೀನಿ.”

“ಮತ್ತೆ... ಒಂದು ಮಾತೂ ಆಡ್ಲಿಲ್ಲವಲ್ಲ?” ಎಂದರು ಯಜಮಾನರು.

“ನೀವಾಗೇ ಹೇಳ್ತೀರಿ ಅಂತ ಕಾದೆ.” ಅವಳ ಕಣ್ಣು ತುಂಬಿ ಬಂತು. ಅದನ್ನು ಮುಚ್ಚಿಕೊಳ್ಳಲು ಉದ್ದಣ್ಣನ ಮೇಲೆ ಹರಿಹಾಯ್ದಳು. “ನೀನೂನಾ? ಹೆತ್ತ ತಾಯಿ ಮುಂದೆ ಹಾಗೆ ಕಂಬದ ಥರ ನಿಂತ್ಕೋಬೇಡ, ಕೂತ್ಕೋ!”

ಉದ್ದಣ್ಣ ಹನ್ನೊಂದು ವರ್ಷದಲ್ಲಿ ಮೊದಲ ಸಲ ಆ ಹೋಟೆಲಿನ ಕುರ್ಚಿಯಲ್ಲಿ ಕೂತ. ಅಮ್ಮ ಅವನ ಬೆನ್ನು ಸವರಿದಳು. ಯಜಮಾನಿ ಅಡುಗೆಮನೆಯ ಕಡೆ ತಿರುಗಿ, ಅಪ್ಪನ ಬೋರ್ಡಿನ ಕೆಳಗೆ ನಿಂತೇ, ಗಟ್ಟಿಯಾಗಿ ಕೂಗಿದಳು.

“ನಾಲ್ಕು ಹುಳಿನೀರು!”

ಒಳಗೆ ಪಾತ್ರೆಯ ಸದ್ದು ಗಕ್ಕನೆ ನಿಂತಿತು. ಅಡುಗೆಭಟ್ಟರ ದನಿ ಅಳುಕುತ್ತಾ ಹೊರಗೆ ಬಂತು.

“ಉಪ್ಪು... ನಮ್ಮ ಕಡೆ ಹಾಕೋ ಹಾಗೆ ಎರಡು ಚಿಟಿಕೆ ಹಾಕ್ಲಾ?”