ಉಪ್ಪು ಬೀಳದ ಎಲೆ

ಎಡತುದಿ ಖಾಲಿ, ಎಲೆಯ ಎಡತುದಿ ಮಾತ್ರ ಖಾಲಿ, ಉಳಿದದ್ದೆಲ್ಲ ಬಿದ್ದಿದೆ, ಕೋಸಂಬರಿ ಇದೆ, ಹುರುಳಿಕಾಯಿ ಪಲ್ಯ ಇದೆ, ಒಬ್ಬಟ್ಟಿನ ಮೇಲಿಂದ ತುಪ್ಪ ಜಾರಿ ಎಲೆಯ ನರದಗುಂಟ ಇಳಿಯುತ್ತಿದೆ, ನಡುವೆ ಹಬೆಯಾಡುವ ಮುದ್ದೆ, ಎಲ್ಲಕ್ಕಿಂತ ಮೊದಲು ಬೀಳಬೇಕಾದ ಉಪ್ಪೇ ಇಲ್ಲ, ಈ ವೀಣಳ ಬುದ್ಧಿ ಯಾವ ಬೀಳಿನಲ್ಲಿ ಮೇಯಲು ಹೋಗಿದೆಯೋ, ಮದುವೆಯಾಗಿ ಬಂದ ದಿನದಿಂದ ಊರಿಗೆಲ್ಲ ಎಲೆ ಹಾಕಿದವಳು ಇವತ್ತೇ, ಪರದೇಶದ ನೆಂಟರ ಮುಂದೆಯೇ, ಉಪ್ಪು ಮರೆಯಬೇಕೇ — ಸ್ವಾಮಿ ಗೋಡೆಗೆ ಒರಗಿ ಕೂತು ಎದುರಿನ ಎಲೆಯನ್ನೇ ನೋಡುತ್ತಿದ್ದಾನೆ, ಎಲೆಯ ಹಿಂದೆ ಚಕ್ಕಂಬಕ್ಕಳ ಹಾಕಿ ಕೂತ ಹೆಂಗಸನ್ನು ನೇರ ನೋಡಲು ಒಂಥರಾ ಆಗುತ್ತಿದೆ, ಉಗಾಂಡ ದೇಶದವಳು, ಹೊಲಕ್ಕೆ ಬರುವ ಹುಡುಗಿ ಅಕೆಲ್ಲೊಳ ತಾಯಿ, ಕೈ ತೊಳೆದು ಬಂದು ಕೂತವಳು ಆ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಾಳೆ, ಒಂದರ ಮೇಲೊಂದು, ಮುದ್ದೆ ಆರುತ್ತಿದೆ, ಮುದ್ದೆ ಆರಿದರೆ ಅದು ಮುದ್ದೆಯೇ, ಕಲ್ಲು, ಉಣ್ಣವ್ವಾ, ಉಣ್ಣು ಅಂತ ಆಗಲೇ ಅಂದಾಯಿತು, ಇನ್ನೊಂದು ಸಲ ಜೋರಾಗಿಯೂ ಅಂದಾಯಿತು, ಆಕೆ ನಕ್ಕಳು, ಮಗಳ ಮುಖ ನೋಡಿದಳು, ಕೈ ಎತ್ತಲಿಲ್ಲ. ಲೇ, ಉಪ್ಪೆಲ್ಲೇ. ಅಡುಗೆಮನೆಯಿಂದ ವೀಣ, ಅಲ್ಲೇ ನಿಮ್ಮ ಮಗ್ಗುಲಲ್ಲೇ ಮಡಗಿವ್ನಿ, ನೀವೇ ಇಕ್ಕಿ. ನಾನ್ಯಾಕೆ ಇಕ್ಕಲಿ, ಕೈ ಇಲ್ವಾ ನಿಂಗೆ. ಒಳಗೆ ಬಳೆಯ ಸದ್ದು, ಅವಳು ಅಂಚಿನ ರೇಷ್ಮೆ ಸೀರೆ ಯಾಕೆ ಉಟ್ಟಿದ್ದಾಳೆ, ಬೆಳಿಗ್ಗೆ ನಾಟಿಕೋಳಿ ಕುಯ್ಯಾನ ಅಂದರೆ ಇವತ್ತು ಬ್ಯಾಡ ಬುಡಿ ಅಂದಳು, ನೆಂಟರು ಬಂದರೆ ಕೋಳಿ ಇಲ್ಲದೆ ಎಲೆ ಹಾಕದವಳು. ಉಪ್ಪಿನ ಮರಿಗೆ ನಿಜವಾಗಿಯೂ ಪಕ್ಕದಲ್ಲೇ ಇದೆ, ಅವ್ವನ ಕಾಲದ ಹಲಸಿನ ಮರದ ಬಟ್ಟಲು, ಅದರ ತುಂಬ ಕಲ್ಲುಪ್ಪು, ಪ್ಯಾಕೆಟ್ಟಿನ ಪುಡಿಯಲ್ಲ, ಇದನ್ನು ಅಟ್ಟದಿಂದ ಇಳಿಸಿದ್ದು ಯಾರು, ಯಾವಾಗ.

ಬೆಳಿಗ್ಗೆಯಿಂದ ಒಂದೂ ಅರ್ಥವಾಗುತ್ತಿಲ್ಲ, ಮಂಡ್ಯದಲ್ಲಿ ಹಾಸ್ಟೆಲ್ ಗೇಟಿನ ಮುಂದೆ ಕಾರು ನಿಲ್ಲಿಸಿದಾಗಿನಿಂದ. ಅಕೆಲ್ಲೊ ಕೃಷಿ ಕಾಲೇಜಿನಲ್ಲಿ ರಾಗಿಯ ಮೇಲೆ ಓದುತ್ತಿರುವ ಹುಡುಗಿ, ಕೊಪ್ಪದ ಇವನ ಹೊಲದಲ್ಲೇ ನಾಲ್ಕು ಪಟ್ಟಿ ಹಿಡಿದು ಯಾವ್ಯಾವುದೋ ತಳಿ ಹಾಕಿದ್ದಾಳೆ, ತಾಯಿ ಮೊದಲ ಸಲ ಬರ್ತಾರೆ ಅಂಕಲ್ ಅಂದಳು, ಅದಕ್ಕೇನಂತೆ, ನಮ್ ಕಾರಿಲ್ವಾ, ನಾನೇ ತೋರುಸ್ತೀನಿ ಬುಡು ಅಂದವನು ಇವನೇ. ಆದರೆ ತೋರಿಸಿದ್ದೆಲ್ಲ ಅವಳೇ. ಹಿಂದಿನ ಸೀಟಿನಲ್ಲಿ ತಾಯಿಯ ಕೈ ಹಿಡಿದುಕೊಂಡು ಕಿಟಕಿಯಾಚೆಗೆ ಬೆರಳು ಮಾಡಿ ಮಾಡಿ, ಅದೇನೋ ಉರುಟು ಉರುಟಾದ ಅವರ ಮಾತು, ನೀರಿನಲ್ಲಿ ಗೋಲಿ ಬಿಟ್ಟ ಹಾಗೆ, ಅದರಲ್ಲಿ ತಿಳಿಯುವ ಪದಗಳು ಎರಡೇ, ಮಂಡ್ಯ, ಶಶಿ, ಮಂಡ್ಯ ಆಗಾಗ, ಶಶಿ ಪದೇ ಪದೇ. ಶಶಿ, ಮಗ ಶಶಿಧರ, ಮುಂದೆ ಪಕ್ಕದ ಸೀಟಿನಲ್ಲಿ ಕತ್ತು ಬಗ್ಗಿಸಿ ಕೂತಿದ್ದಾನೆ, ತನ್ನ ಹೆಸರು ಬಂದಾಗಲೆಲ್ಲ ಕಿವಿ ಕೆಂಪಾಗುತ್ತದೆ, ಏನ್ಲಾ ಅದು, ನಿನ್ನ ಮೇಲೆ ದೂರು ಕೊಡ್ತಾವ್ಳಾ, ಏನಿಲ್ಲ ಕಣಪ್ಪಾ, ರೋಡ್ ನೋಡ್ಕೊಂಡು ಓಡ್ಸು. ಶಿವಪುರದಲ್ಲಿ ಇಳಿಸಿ ಧ್ವಜ ಸತ್ಯಾಗ್ರಹದ ಕತೆ ಹೇಳಿದ, ಪೊಲೀಸರು ಬ್ಯಾಡ ಅಂದ್ರೂ ಬಾವುಟ ಏರಿಸ್ಬುಟ್ರು ಕಣಮ್ಮ ನಮ್ಮೋರು, ನಮ್ಮ ತಾತನೂ ಇದ್ದ ಆ ಜನದಲ್ಲಿ, ಮಗಳು ಅದನ್ನು ತಾಯಿಗೆ ಹೇಳಿದಳು, ತಾಯಿ ಏನೋ ಕೇಳಿದಳು, ಅಂಕಲ್, ನಿಮ್ಮ ಮನೆಯಲ್ಲಿ ಎಲ್ಲರೂ ಬ್ಯಾಡ ಅಂದದ್ದನ್ನೇ ಮಾಡೋರಾ ಅಂತ ಅಮ್ಮ ಕೇಳ್ತಾರೆ. ಊಂ ಮತ್ತೆ, ಎದೆ ಉಬ್ಬಿಸಿಕೊಂಡು ಅಂದಿದ್ದ, ನಮ್ಮ ಮನೆತನವೇ ಅಂಥದ್ದು ಅಂತ ಏಳು. ಶಶಿ ಅತ್ತ ತಿರುಗಿ ಕೆಮ್ಮಿದ. ಮದ್ದೂರಿನಲ್ಲಿ ವಡೆ, ಆಕೆ ಎರಡು ತಿಂದಳು, ಎಣ್ಣೆಯ ಕೈಯನ್ನು ಕರ್ಚೀಫಿಗೆ ಒರೆಸಿ ಕಾಫಿಯನ್ನೂ ಕುಡಿದಳು, ಅಂದರೆ ಹಸಿವಿಲ್ಲದ ಹೆಂಗಸಲ್ಲ, ಮಡಿಯ ಹೆಂಗಸೂ ಅಲ್ಲ, ಹೋಟೆಲಿನದ್ದು ಸೇರುತ್ತದೆ, ನಮ್ಮ ಮನೆಯದ್ದು ಯಾಕೆ ಸೇರುವುದಿಲ್ಲ — ಮಳವಳ್ಳಿಯಲ್ಲಿ ಅಂಕಲ್ ನಿಲ್ಲಿಸಿ ನಿಲ್ಲಿಸಿ ಅಂತ ಕೂಗಿ ಬಸ್‌ಸ್ಟ್ಯಾಂಡಿನ ಮುಂದೆ ಇಳಿದುಬಿಟ್ಟಳು ಹುಡುಗಿ, ತಾಯಿಯನ್ನು ಎಳೆದುಕೊಂಡು ಹೋಗಿ ಒಂದು ಸಿಮೆಂಟಿನ ಬೆಂಚು ತೋರಿಸಿದಳು, ಥತ್, ಅಲ್ಲಿ ಗಗನಚುಕ್ಕಿ ಕಾಯ್ತಿದೆ, ಇವಳಿಗೆ ಬೆಂಚು. ಬಂದ ಹೊಸದರಲ್ಲಿ ಕೊಪ್ಪದ ಬಸ್ಸು ಅಂತ ಮಳವಳ್ಳಿ ಬಸ್ಸು ಹತ್ತಿ ಇಲ್ಲಿ ಇಳಿದು ಇದೇ ಬೆಂಚಿನ ಮೇಲೆ ಕೂತು ಅತ್ತೆ ಅಂಕಲ್, ಮೂಗಿನಲ್ಲಿ ನೀರು ಬರೋ ತನಕ ಅತ್ತೆ, ಆಮೇಲೆ ಶಶಿ ಬೈಕಲ್ಲಿ ಬಂದು ಕರ್ಕೊಂಡ್ ಹೋದ. ಆವತ್ತು ಪಂಪ್‌ಸೆಟ್ಟಿನ ಬೇರಿಂಗು ತರ್ತೀನಿ ಅಂತ ಹೋದವನು ಕತ್ತಲಾದ ಮೇಲೆ ಬರಿಗೈಯಲ್ಲಿ ಬಂದಿದ್ದ, ತಲೆ ತಗ್ಗಿಸಿ ಬೈಸಿಕೊಂಡಿದ್ದ. ಆ ತಾಯಿ ಬೆಂಚಿನ ಮೇಲೆ ಕೂತಳು. ಮಗಳು ಕೂತಿದ್ದ ಜಾಗ ಇದೇನಾ ಅಂತ ಕೇಳಿ, ಸ್ವಲ್ಪ ಸರಿದು, ಸರಿಯಾಗಿ ಅಲ್ಲೇ ಕೂತಳು, ಅಂಗೈಯಿಂದ ಸಿಮೆಂಟನ್ನು ಸವರಿದಳು, ಕೂಸಿನ ಬೆನ್ನು ಸವರುವ ಹಾಗೆ, ಬಸ್ಸುಗಳು ಹಾರನ್ನು ಹೊಡೆಯುತ್ತಿದ್ದವು, ಕಂಡಕ್ಟರು ಕೊಳ್ಳೇಗಾಲ ಕೊಳ್ಳೇಗಾಲ ಅಂತ ಅರಚುತ್ತಿದ್ದ, ಆಕೆ ಏಳಲೇ ಇಲ್ಲ, ಸ್ವಾಮಿ ಕಾರಿಗೆ ಹೋಗಿ ಕನ್ನಡಿ ಒರೆಸಿದ. ಆಮೇಲೆ ಗಗನಚುಕ್ಕಿಯನ್ನು ಇಬ್ಬರೂ ಹೀಗೆ ನೋಡಿ ಹಾಗೆ ಬಂದರು, ಅಷ್ಟು ನೀರು ಬೀಳುತ್ತಿತ್ತು, ಬೆಂಚನ್ನು ನೋಡಿದಷ್ಟು ಹೊತ್ತೂ ನೋಡಲಿಲ್ಲ.

ಕೊಪ್ಪಕ್ಕೆ ಬಂದಾಗ ಬಿಸಿಲು ವಾಲಿತ್ತು. ಹೊಸ್ತಿಲಲ್ಲಿ ವೀಣ ಬೆಲ್ಲ ನೀರು ಹಿಡಿದು ನಿಂತಿದ್ದಳು, ಆಕೆ ಬೆಲ್ಲ ಕಚ್ಚಿ ನೀರು ಕುಡಿದಳು, ಬಾಳೆಹಣ್ಣು ತಿಂದಳು, ಚಕ್ಕುಲಿ ತಟ್ಟೆ ಮುಂದೆ ಹಿಡಿದರೆ ಎರಡು ಕೈ ಜೋಡಿಸಿ ಬೇಡವೆಂದಳು. ಆಮೇಲೆ ಎದ್ದು ಮನೆಯೆಲ್ಲ ನೋಡಿದಳು, ನೋಡಲಿ ಅಂತ ಸ್ವಾಮಿಯೇ ಮುಂದೆ ನಿಂತು ತೋರಿಸಿದ, ಇದು ಕಣಜ, ಇದು ಬಚ್ಚಲು, ಬೋರಿನ ನೀರು ಕಣಮ್ಮ ಬೇಸಿಗೇಲೂ ಬತ್ತಾಕಿಲ್ಲ, ಇವು ಕರೆಯೋ ಹಸ, ಡೈರಿಗೆ ನಮ್ಮ ಮನೆ ಹಾಲೇ ಮೊದಲು, ಈ ರೂಮು ಸಸೀದು, ಮದುವೆಯಾದರೆ ಆಚೆಗೆ ಇನ್ನೊಂದು ಕಟ್ಟುಸ್ಬೇಕು — ಆಗ ಆಕೆ ಮಗಳನ್ನು ಏನೋ ಕೇಳಿ ಆ ಜಾಗವನ್ನು ಕಣ್ಣಿನಲ್ಲೇ ಅಳೆದಳು, ಕೊಟ್ಟಿಗೆಯಲ್ಲಿ ಹಸುವಿನ ಬಾಯಿ ಬಿಡಿಸಿ ಹಲ್ಲು ನೋಡಿದಳು, ಈ ಹೆಂಗಸು ದನದ ವ್ಯಾಪಾರಕ್ಕೆ ಬಂದಳೋ ಮಗಳನ್ನು ನೋಡಲು ಬಂದಳೋ. ಜಗಲಿಯ ಮೇಲೆ ಕೂತಿದ್ದ ಪಕ್ಕದ ಮನೆಯ ಹೊನ್ನಯ್ಯನ ಹತ್ತಿರ ನಿಂತು ಮಗಳ ಬಾಯಲ್ಲಿ ಕೇಳಿಸಿದಳು, ಈ ಮನೆಯವರು ಹೇಗೆ. ಮುದುಕ ಹಲ್ಲಿಲ್ಲದ ಬಾಯಿ ತೆರೆದು, ಕುಡಿಯಾಕಿಲ್ಲ, ಕಳ್ಳರಲ್ಲ, ಇವನ ಕ್ವಾಪ ಒಂದು ಬುಟ್ರೆ ಚಿನ್ನದಂಥೋರು ಅಂತ ಏಳವ್ವ, ಏನ್ಲಾ ಸ್ವಾಮಿ, ಬೀಗಿತ್ತೀನ ಕಾರಲ್ಲೇ ಕುಂಡ್ರುಸ್ಕೊಂಡು ಬಂದಿದ್ದೀಯ. ಸುಮ್ಕಿರಯ್ಯ, ತಮಾಷೆಗೂ ಒಂದು ಇದು ಬೇಡ್ವಾ ಅಂತ ಗದರಿದ್ದ, ನಕ್ಕಿದ್ದ ಕೂಡ, ಶಶಿ ನಗಲಿಲ್ಲ, ವೀಣ ನಗಲಿಲ್ಲ. ಹೊಲಕ್ಕೆ ಹೋದರು, ತೆನೆ ಬಾಗಿ ನಿಂತಿತ್ತು, ಇದೇ ಬದುವಿನ ಮೇಲೆ ಅಕೆಲ್ಲೊಳ ಜೊತೆ ದೊಡ್ಡ ಜಗಳವಾಗಿತ್ತು, ರಾಗಿ ಮೊದಲು ನಮ್ಮ ಕಡೆಯಿಂದ ನಿಮ್ಮ ಕಡೆಗೆ ಬಂದದ್ದು ಅಂಕಲ್, ಸಾವಿರಾರು ವರ್ಷದ ಕೆಳಗೆ, ನಿಮ್ಮಜ್ಜಿ ತಲೆ, ರಾಗಿ ನಮ್ದು ಕಣಮ್ಮ, ನಮ್ಮ ಮೂಳೆಯೇ ರಾಗಿ, ಬಾಯಿ ಮಾಡಿದ್ರೆ ರಾಗಿ ನಿಮ್ದಾಗಲ್ಲ ಅಂಕಲ್ ಅಂತ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು, ಕೆಸರುಗಾಲಿನಲ್ಲಿ, ಹುಟ್ಟಿದಾಗಿನಿಂದ ಇವನಿಗೆ ಹಾಗೆ ತಿರುಗಿ ಅಂದವರು ಇಬ್ಬರೇ, ಅವ್ವ ಮಲ್ಲಿಗಮ್ಮ, ಈ ಹುಡುಗಿ, ಆವತ್ತಿನಿಂದ ಅವಳು ಬರದ ವಾರ ಹೊಲವೇ ಬಿಕೋ ಅನ್ನುತ್ತಿತ್ತು, ಅದನ್ನು ಯಾರಿಗೂ ಹೇಳಿಲ್ಲ. ಅದೇ ಬದುವಿನ ಮೇಲೆ ನಿಂತು ಆ ತಾಯಿ ಒಂದು ತೆನೆ ಮುರಿದುಕೊಂಡಳು. ಅಂಗೈಯಲ್ಲಿ ಹಾಕಿ ಉಜ್ಜಿದಳು. ಉಫ್ ಅಂತ ಊದಿದಳು, ಹೊಟ್ಟು ಹಾರಿತು, ಉಳಿದ ಕಾಳನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಅಗಿದಳು, ತಲೆಯಾಡಿಸಿದಳು — ಯಾರೋ ಹೀಗೇ ಮಾಡಿದ್ದರು, ಬೇರೆ ಬದು, ಬೇರೆ ಹೊಲ, ಯಾರು, ಯಾರು.

ಅವ್ವ. ಅವ್ವನೇ, ಆತಗೂರಿನಲ್ಲಿ, ತಂಗಿಯನ್ನು ಕೊಡುವ ಮುಂಚೆ ಮನೆ ನೋಡಲು ಹೋದಾಗ, ಅವ್ವ ನೆಟ್ಟಗೆ ಹೊಲಕ್ಕೆ ಹೋಗಿ ತೆನೆ ಉಜ್ಜಿ ಅಗಿದಿದ್ದಳು, ಕೊಟ್ಟಿಗೆ ನೋಡಿದ್ದಳು, ನೀರು ಕೇಳಿದ್ದಳು, ಪಕ್ಕದ ಮನೆಯವರನ್ನು ವಿಚಾರಿಸಿದ್ದಳು, ಬೆಲ್ಲ ನೀರು ಕುಡಿದು ಬಾಳೆಹಣ್ಣು ತಿಂದು, ಉಪ್ಪು ಬೆರೆತ ಯಾವುದನ್ನೂ ಮುಟ್ಟಿರಲಿಲ್ಲ, ಹುಡುಗನ ಮನೆ ಯಜಮಾನ ತನ್ನ ಕೈಯಾರೆ ಉಪ್ಪಿಕ್ಕೋ ತನಕ ಹೆಣ್ಣಿನ ಕಡೆಯೋರು ಉಣ್ಣಾಕಿಲ್ಲ ಕಣ್ಲಾ ಮಗ, ಅವನು ಉಪ್ಪಿಕ್ಕಿದ್ರೆ ಸಂಬಂಧ ಒಪ್ಪಿದ ಅಂತ, ಉಣ್ಣು ಅಂತ ಬಾಯಲ್ಲಿ ನೂರು ಸಲ ಅಂದರೂ ಲೆಕ್ಕಕ್ಕಿಲ್ಲ ಅಂದಿದ್ದಳು. ಆ ಮನೆಯ ಯಜಮಾನ ಎದ್ದು ಬಂದು ಎಲೆಯ ಎಡತುದಿಗೆ ಚಿಟಿಕೆ ಉಪ್ಪು ಹಾಕಿದ್ದ, ಅವ್ವ ಬೆರಳಿನಿಂದ ಅದನ್ನು ಮುಟ್ಟಿ ನಾಲಗೆಗೆ ಇಟ್ಟುಕೊಂಡಿದ್ದಳು, ಅಷ್ಟೇ, ಅದೇ ಮಾತು, ಅದೇ ಮುದ್ರೆ — ಹಾಗಾದರೆ ಈಗ, ಈ ಎಲೆ, ಈ ಖಾಲಿ ತುದಿ, ಇವಳು ಮರೆತಿಲ್ಲ, ವೀಣ ಮರೆತೇ ಇಲ್ಲ. ನೀವೇ ಇಕ್ಕಿ. ಅಯ್ಯೋ ಮುಂಡೇವಾ, ಎಲ್ಲರಿಗೂ ಗೊತ್ತು, ಹೆಂಡತಿಗೆ ಗೊತ್ತು, ಮಗನಿಗೆ ಗೊತ್ತು, ಹೊನ್ನಯ್ಯನಿಗೂ ವಾಸನೆ ಹತ್ತಿದೆ, ಸಮುದ್ರದಾಚೆಯಿಂದ ಬಂದ ಹೆಂಗಸಿಗೆ ನನ್ನ ಮನೆಯ ಶಾಸ್ತ್ರ ಗೊತ್ತು, ಹೆಂಡತಿಯೋ ಮಗನೋ ಹುಡುಗಿಯ ಬಾಯಲ್ಲಿ ಹೇಳಿಸಿರಬೇಕು, ನಾನೊಬ್ಬ ಬೆಳಿಗ್ಗೆಯಿಂದ ಡ್ರೈವರು, ನನ್ನ ಮನೆಗೆ ಹೆಣ್ಣಿನ ಕಡೆಯವರನ್ನು ನಾನೇ ಹೊತ್ತು ತಂದಿದ್ದೇನೆ, ಬೋರು ಬತ್ತಾಕಿಲ್ಲ ಅಂತ ನಾನೇ ಹೇಳಿದ್ದೇನೆ, ಮದುವೆಯಾದರೆ ಇನ್ನೊಂದು ರೂಮು ಅಂತಲೂ ನಾನೇ, ಬ್ಯಾಡ ಅಂದದ್ದನ್ನೇ ಮಾಡೋ ಮನೆತನ ಅಂತಲೂ ನಾನೇ. ಎದ್ದು ಮರಿಗೆಯನ್ನು ಗೋಡೆಗೆ ಬಡಿಯಲಾ, ಲೇ ಸಸಿ ಅಂತ ಒಮ್ಮೆ ಕೂಗಿದರೆ ಊರೇ ಸೇರುತ್ತದೆ, ಸೇರಲಿ, ಊರು ಏನನ್ನುತ್ತದೆ, ಕುಲ ಏನನ್ನುತ್ತದೆ, ತಂಗಿ ಏನನ್ನುತ್ತಾಳೆ, ಅವಳ ಮಗಳು ರಂಜಿತ, ಯುಗಾದಿಯಲ್ಲಿ ಅವಳ ಕೈಯ ಒಬ್ಬಟ್ಟು ತಿಂದು ಈ ಕೈಯ ಸಸಿಗೆ ಅಂತ ನಮ್ಮನೆಗೇ ತಕ್ಕೊಂಡೋಯ್ತೀನಿ ಅಂದಿದ್ದೆ, ತಂಗಿಯ ಕಣ್ಣಲ್ಲಿ ನೀರು ಬಂದಿತ್ತು, ಇವತ್ತು ಇಲ್ಲಿ ಉಪ್ಪು ಬಿದ್ದರೆ ಆತಗೂರಿನ ಬಾಗಿಲು ಮುಚ್ಚಿತು, ಅವಳು ನನ್ನ ಹೆಣ ನೋಡಲೂ ಬರುವವಳಲ್ಲ, ಅವಳೂ ಮಲ್ಲಿಗಮ್ಮನ ಮಗಳೇ. ಉಪ್ಪು ಬೀಳದಿದ್ದರೆ ಇವಳು ಕೈ ತೊಳೆದುಕೊಂಡು ಏಳುತ್ತಾಳೆ, ತೊಳೆದ ಕೈಯನ್ನೇ ಇನ್ನೊಂದು ಸಲ ತೊಳೆದುಕೊಂಡು, ಹುಡುಗಿಯನ್ನು ಕರೆದುಕೊಂಡು, ಆ ಬೆಂಚಿನ ಮೇಲೆ ಮತ್ತೆ ಯಾರು ಕೂರುತ್ತಾರೆ.

ಅಂಕಲ್. ಅಕೆಲ್ಲೊಳ ದನಿ ಅಷ್ಟು ಸಣ್ಣಗೆ ಇದುವರೆಗೆ ಕೇಳಿಲ್ಲ, ಅಂಕಲ್, ಅವಸರ ಇಲ್ಲ ಅಂತಾರೆ ಅಮ್ಮ, ಮುದ್ದೆ ಆರಿದ್ರೂ ಪರವಾಗಿಲ್ಲವಂತೆ, ನಮ್ಮೂರಲ್ಲೂ ರಾಗಿಯ ಮುದ್ದೆಯೇ, ಆರಿದ್ದನ್ನು ತಿಂದು ಗೊತ್ತು. ಬಾಗಿಲ ಕಂಬಕ್ಕೆ ಶಶಿ ಅಂಟಿಕೊಂಡು ನಿಂತಿದ್ದಾನೆ, ಇಪ್ಪತ್ತೇಳರ ಗಂಡಸು, ಬೇರಿಂಗು ತರದೆ ಬಂದ ದಿನದ ಅದೇ ಮುಖ, ಬೈಯಿ ಅಪ್ಪಾ ಅನ್ನುವ ಮುಖ, ಇವನಿಗೆ ಬೈಯಲು ಬಾಯಿಗೆ ಬಂದದ್ದು ಬೇರೆ ಏನೋ, ಬಾಯಿ ಮಾಡಿದ್ರೆ ರಾಗಿ ನಿಮ್ದಾಗಲ್ಲ ಅಂಕಲ್, ಸ್ವಾಮಿಯ ಕೈ ಯಾವಾಗ ಮರಿಗೆಯೊಳಗೆ ಹೋಯಿತೋ ಅವನಿಗೇ ತಿಳಿಯದು, ಮುಷ್ಟಿಯ ತುಂಬ ಕಲ್ಲುಪ್ಪು, ಮೊಣಕಾಲೂರಿ ಎದ್ದಿದ್ದಾನೆ, ಎಲೆಯ ಮೇಲೆ ಮುಷ್ಟಿ ಚಾಚಿ ನಿಂತಿದ್ದಾನೆ, ಒಳಗೆ ಬಳೆಯ ಸದ್ದು ನಿಂತಿದೆ, ಹಾಕಲೋ ಎಸೆಯಲೋ, ಯಾವುದಕ್ಕೆ ತುಂಬಿಕೊಂಡೆ ಈ ಮುಷ್ಟಿಯನ್ನು, ಚಿಟಿಕೆ ಸಾಕಿತ್ತಲ್ಲ, ತಂಗಿ, ಅವ್ವ, ಊರು, ಬೆಂಚು, ಅಂಗೈ ಬೆವರುತ್ತಿದೆ, ಬೆವರಿಗೆ ಹರಳಿನ ಮೊನೆ ಕರಗಿ ಬೆರಳ ಸಂದಿಯಲ್ಲಿ ಉರಿಯುತ್ತಿದೆ, ಹೀಗೇ ನಿಂತರೆ ಎಲ್ಲ ಕರಗಿ ನೀರಾಗುತ್ತದೆ, ಎದುರಿನ ಹೆಂಗಸು ತಲೆಯೆತ್ತಿ ನೋಡುತ್ತಿದ್ದಾಳೆ, ಬೇಡುತ್ತಿಲ್ಲ, ಬೆದರುತ್ತಿಲ್ಲ, ಕಾಳು ಅಗಿದ ಮುಖ, ಅವ್ವನ ಮುಖ, ಮುಷ್ಟಿ ಇಷ್ಟೇ ಇಷ್ಟು ಸಡಿಲಿತು, ಅವನು ಸಡಿಲಿಸಿದನೋ ಅದಾಗಿಯೇ ಸಡಿಲಿತೋ, ಒಂದು ಹರಳು, ಒಂದೇ ಹರಳು, ಜಾರಿ ಎಲೆಯ ಎಡತುದಿಗೆ ಟಪ್ ಅಂತ ಬಿತ್ತು, ಉರುಳಿತು, ನರಕ್ಕೆ ತಾಗಿ ನಿಂತಿತು, ತೊಡೆಯ ಮೇಲಿಂದ ಆಕೆಯ ಕೈ ಮೇಲೆದ್ದಿದೆ, ತೋರುಬೆರಳು ಬರುತ್ತಿದೆ, ಹಸಿರು ಎಲೆ, ಬಿಳಿ ಹರಳು, ಆ ಹರಳು.