ಹಲಗೂರಿನ ಕಡೆಯಿಂದ ಕಿತ್ತ ಕಂಬಿ

ಹಲಗೂರಿನ ಮರದ ಡಿಪೋದಿಂದ ಕಾಡಿನೊಳಗೆ ಐದು ಮೈಲಿ ರೈಲುದಾರಿ ಇತ್ತು. ಮೂವತ್ತೆಂಟನೇ ಇಸವಿಯಲ್ಲಿ ಒಬ್ಬ ಕಂಟ್ರಾಕ್ಟರು ಹಾಕಿಸಿದ್ದು. ದಿಮ್ಮಿ ಬಿಟ್ಟರೆ ಬೇರೇನೂ ಅದರಲ್ಲಿ ಬರುತ್ತಿರಲಿಲ್ಲ. ಇದ್ದ ಒಂದೇ ಇಂಜಿನ್ನಿನ ಮೇಲೆ ‘೨’ ಎಂದು ಬರೆದಿತ್ತು. ಒಂದನೆಯದು ಎಲ್ಲಿದೆ ಎಂದು ಯಾರೂ ಕೇಳಿರಲಿಲ್ಲ. ಅದನ್ನು ಓಡಿಸುತ್ತಿದ್ದವನು ನಜೀರ್ ಅಹ್ಮದ್.

ನಲವತ್ತಮೂರರಲ್ಲಿ ಯುದ್ಧಕ್ಕೆ ಕಬ್ಬಿಣ ಬೇಕಾಯಿತು. ಕಂಬಿಗಳನ್ನು ಕಿತ್ತು ಮದ್ದೂರು ಸ್ಟೇಷನ್ನಿಗೆ ಕಳಿಸುವುದು, ಇಂಜಿನ್ನನ್ನು ಡಿಪೋಗೆ ತಂದು ಒಡೆದು ಗುಜರಿಗೆ ಹಾಕುವುದು ಎಂದು ಕಂಟ್ರಾಕ್ಟರು ತೀರ್ಮಾನಿಸಿದರು. ಮೇಲ್ವಿಚಾರಣೆಗೆ ನನ್ನನ್ನು ನೇಮಿಸಿದರು. ನಾನು ಮೈಸೂರಿನಲ್ಲಿ ಇತಿಹಾಸದಲ್ಲಿ ಬಿ.ಎ. ಮಾಡಿದ್ದೆ. ಅಷ್ಟು ಸಾಕು ಎಂದು ಅವರಿಗೆ ಅನ್ನಿಸಿರಬೇಕು.

ಮೊದಲ ದಿನ ನಜೀರ್ ಇಂಜಿನ್ನನ್ನು ದಾರಿಯ ಆ ತುದಿಯಲ್ಲಿ, ಕಾಡಿನೊಳಗೆ ನಿಲ್ಲಿಸಿ, ನಡೆದುಕೊಂಡು ಡಿಪೋಗೆ ಬಂದ.

“ಎಲ್ಲಿಂದ ಶುರು ಮಾಡೋದು?” ಎಂದೆ.

“ಇಲ್ಲಿಂದ್ಲೇ ಸ್ವಾಮಿ. ಎತ್ತಿನ ಗಾಡಿಗೆ ಹತ್ರ.”

ಸರಿ ಎಂದೆ. ಕೂಲಿಗಳ ಮೇಸ್ತ್ರಿ ಕೆಂಪಯ್ಯ ನನ್ನನ್ನೊಮ್ಮೆ, ನಜೀರನನ್ನೊಮ್ಮೆ ನೋಡಿ ಹಾರೆ ಎತ್ತಿಕೊಂಡ.

ಹನ್ನೆರಡು ದಿನ ಕಿತ್ತೆವು. ಕಂಬಿಗಳು ಎತ್ತಿನ ಗಾಡಿಗಳಲ್ಲಿ ಹೋದವು. ಊರಿನವರು ಬಂದು ನಿಂತು, ಏನೂ ಹೇಳದೆ ನೋಡಿ ಹೋಗುತ್ತಿದ್ದರು. ಆ ಮೌನವನ್ನು ನಾನು ದುಃಖವೆಂದು ತಿಳಿದೆ. ಡೈರಿಯಲ್ಲಿ ಅದರ ಬಗ್ಗೆ ಎರಡು ಪುಟ ಬರೆದೆ.

ಹದಿಮೂರನೆಯ ದಿನ ಕಾಡಿನೊಳಗಿನ ತುದಿ ತಲುಪಿದೆವು. ಇಂಜಿನ್ ನಿಂತಿತ್ತು. ಅದರ ಕೆಳಗೂ ಆಚೀಚೆಯೂ ಒಂದಿಷ್ಟು ಕಂಬಿ ಉಳಿದಿತ್ತು. ಅಲ್ಲಿಂದ ಹಲಗೂರಿನವರೆಗೆ ಬರೀ ಮಣ್ಣು.

“ಇದು ಹೊರಗೆ ಹೋಗೋದು ಹೇಗೆ?” ಎಂದೆ.

“ಓಗಕ್ಕಿಲ್ಲ,” ಎಂದ ಕೆಂಪಯ್ಯ. “ಕಾಡ್ ಕಡೆಯಿಂದ ಕಿತ್ಕಂಡು, ಇಂಜಿನ್ನ ಇಂದಿಂದಕ್ಕೆ ತರ್ಬೇಕಿತ್ತು.”

“ಮೊದಲೇ ಹೇಳಬಾರದಿತ್ತೇ?”

“ಬಿ.ಎ. ಓದಿರೋರ್ಗೆ ನಾವೇನ್ ಯೋಳದು ಬುಡಿ.” ಆಮೇಲೆ ನಜೀರನ ಕಡೆ ತಿರುಗಿದ. “ಬೇಕೂಂತ ಮಾಡ್ದೆ ಅಂತ ಗೊತ್ತಾದ್ರೆ ಧಣಿ ಅಟಕ್ಕೆ ಬಿದ್ದು ಇಂಜಿನ್ನ ಇಲ್ಲೇ ಒಡುಸ್ತಾರೆ ಕಣ್ಲಾ. ದಡ್ಡತನ ಅಂದ್ರೆ ಬಯ್ದು ಓಯ್ತಾರೆ. ಈಗ ದಡ್ಡ ಯಾರಾಯ್ತೀರಿ ನೋಡ್ಕಳಿ.”

ನಜೀರ್ ಚಕ್ರ ಒರೆಸುತ್ತಿದ್ದ. “ನಾನು ದಡ್ಡ ಅಂದ್ರೆ ಯಾರು ನಂಬ್ತಾರೆ?” ಎಂದ.

ಅದು ನಿಜವಾಗಿತ್ತು.

ಮರುದಿನ ಕಂಟ್ರಾಕ್ಟರು ಬಂದರು. ಇಂಜಿನ್ನನ್ನು ಎರಡು ಸುತ್ತು ಬಂದರು.

“ಆ ಕಡೆಯಿಂದ ಕೀಳಿಸಿದ್ದು ಯಾರು?”

“ನಾನು.”

“ಯಾಕೆ?”

“ಗಾಡಿಗೆ ಹತ್ತಿರ ಅಂತ.”

ಅವರು ಬಹಳ ಹೊತ್ತು ನನ್ನನ್ನು ನೋಡಿದರು. “ಏನು ಓದಿದ್ದೀರಿ?”

“ಇತಿಹಾಸ.”

“ಹ್ಞೂ,” ಎಂದರು. ಅನುಮಾನ ತೀರಿದಂತೆ ಕಂಡಿತು. ಸಂಜೆಯೊಳಗೆ ನನ್ನ ಕೆಲಸ ಹೋಯಿತು. ಇಂಜಿನ್ ಅಲ್ಲೇ ಉಳಿಯಿತು.

ಆಮೇಲೆ ಬ್ಲಫ್‌ನ ವಿದ್ಯುತ್ ಕೇಂದ್ರದಲ್ಲಿ ಗುಮಾಸ್ತನಾದೆ. ನಲವತ್ತೇಳರಲ್ಲಿ, ಒಂದು ಶುಕ್ರವಾರ ರಜೆ ಸಿಕ್ಕಿತು. ಹಲಗೂರಿನಲ್ಲಿ ಬಸ್ಸಿಳಿದು ಹಳೆಯ ದಾರಿಯಲ್ಲಿ ನಡೆದೆ. ಮರಗಳ ನಡುವೆ ಹೊಗೆ ಕಾಣಿಸಿತು.

ನಜೀರ್ ಬೆಂಕಿ ಹಾಕಿದ್ದ. ನನ್ನನ್ನು ನೋಡಿ ಅಚ್ಚರಿಪಡಲಿಲ್ಲ. “ಹತ್ತಿ ಸ್ವಾಮಿ,” ಎಂದ.

ಹತ್ತಿದೆ. ಇಂಜಿನ್ ಹನ್ನೆರಡು ಅಡಿ ಮುಂದೆ ಹೋಗಿ ನಿಂತಿತು. ಹನ್ನೆರಡು ಅಡಿ ಹಿಂದೆ ಬಂದು ನಿಂತಿತು.

“ಒಂದೇ ಕಡೆ ನಿಂತ್ರೆ ಚಕ್ರ ಹಿಡ್ಕತದೆ,” ಎಂದ.

ಇಳಿದು ಹೊರಟಾಗ ಕೇಳಿದೆ, “ಮುಂದಿನ ವಾರ ಇದು ಎಷ್ಟು ಹೊತ್ತಿಗೆ ಹೊರಡುತ್ತೆ?”

“ನಮಾಜಾಗಿ ನಾನು ನಡ್ಕಂಡ್ ಬರ್ಬೇಕಲ್ಲ,” ಎಂದ. “ನಾಲ್ಕು ಅಂತ ಇಟ್ಕಳಿ.”