ನೀರೂರಿನ ಕೊನೆಯ ಮಾತು ಕೇಳಿದ ಮೈಕು

ನಾನು ಒಂದು ಮೈಕು. ಮದುವೆ ಮಂಟಪದಲ್ಲಿ ಕಿರುಚುವ ಜಾತಿಯದಲ್ಲ. ಸದ್ದಿಲ್ಲದ ಕೋಣೆಯಲ್ಲಿ ನಿಂತು ಉಸಿರನ್ನೂ ಬಿಡದೆ ಹಿಡಿಯುವ ಜಾತಿಯದು. ದೂರದ ಕಾರ್ಖಾನೆಯೊಂದರಲ್ಲಿ ಹೆಂಗಸೊಬ್ಬಳು ನನ್ನ ಎದೆಗೆ ಚಿನ್ನದ ಲೇಪದ ತೆಳ್ಳನೆಯ ಪೊರೆಯನ್ನು ಬಿಗಿದಳು. ಆಮೇಲೆ ನನ್ನ ಮುಂದೆ ಮೆಲ್ಲಗೆ ಕೆಮ್ಮಿ ನೋಡಿದಳು. ನಾನು ಕೇಳಿದ ಮೊದಲ ಸದ್ದು ಅದೇ. ಒಂದಿಷ್ಟೂ ಸೋರಿಹೋಗದಂತೆ ಹಿಡಿದುಕೊಟ್ಟೆ.

ಪೆಟ್ಟಿಗೆ ತೆರೆದಾಗ ನಾನು ಹುಬ್ಬಳ್ಳಿಯಲ್ಲಿದ್ದೆ. ಅದೊಂದು ವಿಡಿಯೋ ಗೇಮ್ ಮಾಡುವ ಸಣ್ಣ ಸ್ಟುಡಿಯೋ. ನನ್ನನ್ನು ಎತ್ತಿಕೊಂಡವನು ಇಮ್ತಿಯಾಜ್ ನದಾಫ್. ಆಟಕ್ಕೆ ಬೇಕಾದ ಸದ್ದು, ಮಾತು, ಸಂಗೀತ ಎಲ್ಲವೂ ಅವನ ಕೆಲಸ. ಜೋಳದ ದಂಟು ಮುರಿದು ಮೂಳೆಯ ಸದ್ದು ಮಾಡುತ್ತಿದ್ದ, ಒದ್ದೆ ಗೋಣಿಚೀಲ ತುಳಿದು ಕೆಸರಿನ ಸದ್ದು ಮಾಡುತ್ತಿದ್ದ. ನಾನು ಎಲ್ಲವನ್ನೂ ನಂಬುತ್ತಿದ್ದೆ.

ಅವರು ಕಟ್ಟುತ್ತಿದ್ದ ಆಟದ ಹೆಸರು ‘ನೀರೂರು’. ಅಣೆಕಟ್ಟೆಯ ನೀರಿಳಿದಾಗ ಹುಡುಗಿಯೊಬ್ಬಳು ಮುಳುಗಿದ ಊರನ್ನು ಹುಡುಕಿಕೊಂಡು ಹೋಗುತ್ತಾಳೆ. ಕಾಣದ ಮುದುಕಿಯೊಬ್ಬಳ ದನಿ ಅವಳಿಗೆ ದಾರಿ ಹೇಳುತ್ತದೆ. ಆ ದನಿ ಗಿರಿಜವ್ವ ಹಡಪದ ಅವರದು. ವೃತ್ತಿ ನಾಟಕ ಕಂಪನಿಗಳಲ್ಲಿ ಬಣ್ಣ ಹಚ್ಚಿ ಮುಪ್ಪಾದವರು. ಮೊದಲ ದಿನ ಕೊನೆಯ ಸಾಲಿನವರಿಗೂ ಕೇಳುವಂತೆ ಅಬ್ಬರಿಸಿದರು. ನನ್ನ ಪೊರೆ ಹರಿದೇಹೋಯಿತು ಅಂದುಕೊಂಡೆ. ಇಮ್ತಿಯಾಜ್ ನನ್ನನ್ನು ತೋರಿಸಿ, ಇದು ಮಗ್ಗುಲಲ್ಲೇ ಕೂತ ಮೊಮ್ಮಗಳು ಅಂದುಕೊಳ್ಳಿರಿ ಎಂದ. ಅಂದಿನಿಂದ ಆಕೆ ನನ್ನ ಕಿವಿಯಲ್ಲೇ ಮಾತಾಡಿದರು.

ಆಟ ಗೆದ್ದಿತು. ಗೆದ್ದದ್ದನ್ನು ಕಂಡು ಮುಂಬಯಿಯ ದೊಡ್ಡ ಕಂಪನಿಯೊಂದು ಸ್ಟುಡಿಯೋವನ್ನೇ ಕೊಂಡುಕೊಂಡಿತು. ಕಂಪನಿಯ ಮುಖ್ಯಸ್ಥ ನಿಖಿಲ್ ಸೇಠ್ ಹುಬ್ಬಳ್ಳಿಗೇ ಬಂದು, ನೆಟ್‌ನಲ್ಲಿ ಲೋಕವೆಲ್ಲ ನೋಡುತ್ತಿರುವಾಗ, ನನ್ನ ಮುಂದೆ ಕೂತು ಎರಡು ಮಾತು ಕೊಟ್ಟರು. ಮುದುಕಿ ಯಾರೆಂದು ತಿಳಿಸುವ, ಇನ್ನೂ ಬರಬೇಕಿದ್ದ ಕೊನೆಯ ಅಧ್ಯಾಯ ಆಟಗಾರರೆಲ್ಲರಿಗೂ ಪುಕ್ಕಟೆ ಸಿಗುತ್ತದೆ, ಇದು ಒಂದು. ಈ ಸ್ಟುಡಿಯೋವನ್ನು ಮುಚ್ಚುವ ಪ್ರಶ್ನೆಯೇ ಇಲ್ಲ, ಇದು ಇನ್ನೊಂದು. ತುಂಬ ಒಳ್ಳೆಯ ದನಿ. ಎಲ್ಲಿಯೂ ನಡುಗಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ಬೀಗಿದೆ.

ವರ್ಷ ತಿರುಗುವುದರೊಳಗೆ ಒಂದು ಬೆಳಗ್ಗೆ ಅದೇ ಮುಖ ಗೋಡೆಯ ಪರದೆಯ ಮೇಲೆ ಬಂತು. ಮಾರುಕಟ್ಟೆ ಬದಲಾಗಿದೆ, ನಿರ್ಧಾರ ನೋವಿನದು, ತಿಂಗಳ ಕೊನೆಗೆ ಹುಬ್ಬಳ್ಳಿ ಸ್ಟುಡಿಯೋ ಇರುವುದಿಲ್ಲ ಎಂದರು. ಕೊನೆಯ ಅಧ್ಯಾಯವನ್ನೂ ಕೈಬಿಡಲಾಗಿದೆ ಎಂದರು. ಆಗ ಸ್ಟುಡಿಯೋದ ಹಿರಿಯಳು ಮಂದಾಕಿನಿ ದೇಸಾಯಿ ಎದ್ದು ನಿಂತಳು. ಅಧ್ಯಾಯ ಮುಕ್ಕಾಲು ಆಗಿದೆ, ಉಳಿದ ದಿನಗಳಲ್ಲಿ ನಾವು ಮುಗಿಸಿಕೊಡುತ್ತೇವೆ, ನೀವು ಜನರಿಗೆ ಕೊಡಿ ಎಂದು ಕೇಳಿದಳು. ಅವರು, ಹೆಚ್ಚಿಗೆ ಖರ್ಚು ಬಾರದಿದ್ದರೆ ಆಗಲಿ ಎಂದು ಪರದೆಯಿಂದ ಹೋದರು.

ಚಿತ್ರ ಬರೆಯುವ ಬಸವಂತನಿಗೆ ಸಿಟ್ಟು ಬಂತು.

“ಅವ್ರ ಮಾತು ಅವ್ರೇ ಮುರದ್ರು. ನಾವ್ಯಾಕ ಉಳಸಬೇಕ್ರಿ, ಮೇಡಂ?”

ಅವನ ಮಾತು ತಪ್ಪೆಂದು ನನಗೂ ಅನ್ನಿಸಲಿಲ್ಲ. ಮಂದಾಕಿನಿಗೂ ಅನ್ನಿಸಿರಲಾರದು, ಅವಳು ಅದನ್ನು ಅಲ್ಲಗಳೆಯಲಿಲ್ಲ.

“ಮಾತು ಅವ್ರದು, ಬಸವಂತ. ಆಟ ನಮ್ಮದು. ಮುದುಕಿ ಯಾರಂತ ಗೊತ್ತಾಗದ ಹುಡುಗಿ ಅಲ್ಲೇ ಕೆಸರಾಗ ನಿಂತಾಳ. ಅಕೀನ ಅಲ್ಲೇ ಬಿಟ್ಟು ಹೋಗ್ಲಿಕ್ಕೆ ನನ್ನ ಕಡಿಂದ ಆಗಂಗಿಲ್ಲ. ಹೋಗವ್ರನ್ನ ನಾ ತಡಿಯಂಗಿಲ್ಲ.”

ಕೆಲವರು ಹೋದರು. ಹೋದವರನ್ನು ಯಾರೂ ಹಳಿಯಲಿಲ್ಲ, ಅವರಿಗೂ ಮನೆಯಿತ್ತು. ಬಸವಂತ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೋದವನು ಮರುದಿನ ಬಂದು ತನ್ನ ಕಂಪ್ಯೂಟರ್ ತೆರೆದ.

ಎಲ್ಲ ಮುಗಿದು ಗಿರಿಜವ್ವನ ಮಾತೊಂದೇ ಉಳಿದಿತ್ತು. ಆದರೆ ಸಾಮಾನು ಸಾಗಿಸುವವರು ಅವಧಿಗೆ ಮೊದಲೇ ಬಂದು ನನ್ನ ಕೋಣೆಯ ಗೋಡೆಗಳಿಗಿದ್ದ ಸದ್ದು ಹೀರುವ ಸ್ಪಂಜನ್ನೆಲ್ಲ ಕಿತ್ತುಬಿಟ್ಟರು. ಖಾಲಿ ಕೋಣೆ ಬಾವಿಯಂತೆ ಮಾರ್ದನಿ ಕೊಡತೊಡಗಿತು. ಅಂಥ ಕೋಣೆಯಲ್ಲಿ ನನ್ನಂಥ ಮೈಕಿಗೆ ಮಾತು ಹಿಡಿಯಲು ಬರುವುದಿಲ್ಲ. ನನಗೂ ಮಾರಾಟದ ಚೀಟಿ ಅಂಟಿಸಿದ್ದರು. ಸಂಜೆಯ ಗಾಡಿಗೆ ನಾನೂ ಹೊರಡಬೇಕಿತ್ತು. ಇಮ್ತಿಯಾಜ್ ಫೋನು ತೆಗೆದು ಅಣ್ಣನಿಗೆ ಹಚ್ಚಿದ. ಅವನ ಅಣ್ಣನದು ಹತ್ತಿ ತುಂಬಿ ಹಾಸಿಗೆ ಹೊಲಿಯುವ ಗಾದಿ ಅಂಗಡಿ. ಮಧ್ಯಾಹ್ನದ ಹೊತ್ತಿಗೆ ಹೊಸ ಹತ್ತಿಯ ಗಾದಿಗಳು ಟೆಂಪೋ ತುಂಬ ಬಂದವು. ಉಳಿದವರೆಲ್ಲ ಸೇರಿ ಮೆಟ್ಟಿಲ ಮೇಲೆ ಹೊತ್ತು ತಂದು ಗೋಡೆಗೆ ಆನಿಸಿದರು. ಬಸವಂತ ಬೀಳುತ್ತಿದ್ದ ಒಂದು ಗಾದಿಗೆ ಬೆನ್ನು ಕೊಟ್ಟು ನಿಂತ. ಕೋಣೆ ಸುಮ್ಮನಾಯಿತು. ಅಷ್ಟು ಒಳ್ಳೆಯ ಮೌನ ನನಗೆ ಆ ಕಟ್ಟಡದಲ್ಲಿ ಎಂದೂ ಸಿಕ್ಕಿರಲಿಲ್ಲ.

ಗಿರಿಜವ್ವ ಒಳಗೆ ಬಂದು ಸುತ್ತ ನೋಡಿದರು. ಸ್ಟುಡಿಯೋ ಮುಚ್ಚುತ್ತಿದೆಯೆಂದು ಯಾರೂ ಹೇಳದಿದ್ದರೂ ಅವರಿಗೆ ತಿಳಿಯಿತು.

“ನಮ್ಮ ನಾಟಕ ಕಂಪ್ನಿನೂ ಹಿಂಗ ಎಷ್ಟೋ ಸಲ ಮುಚ್ಚೇತಿ, ತಮ್ಮಾ. ತಂಬು ಬಿಚ್ಚಾಕ ಮಂದಿ ಬಂದು ನಿಂತಿರ್ತಿದ್ರು. ಮಂಗಳಾರತಿ ಹಾಡು ಮುಗಿಸೇ ಇಳೀತಿದ್ವಿ,” ಎಂದು ನನ್ನ ಹತ್ತಿರ ಬಂದು ಕೂತರು. ಆಮೇಲೆ ಆಟದ ಹುಡುಗಿಗೆ ಹೇಳಿದರು:

“ಊರು ಮುಳುಗಿದ್ರ ಏನಾತವ್ವಾ? ಹೆಸರು ಹಿಡದು ಕರಿ. ಇನ್ನೂ ಓ ಅಂತೈತಿ.”

ಒಂದೇ ಸಲಕ್ಕೆ. ದಾರಿ ಹೇಳುತ್ತಿದ್ದ ಮುದುಕಿ ಆ ಮುಳುಗಿದ ಊರೇ ಎಂದು ನನಗೆ ಆಗ ಗೊತ್ತಾಯಿತು. ಇಮ್ತಿಯಾಜ್ ಇನ್ನೊಂದು ಸಲ ಹೇಳಿರಿ ಎನ್ನಲಿಲ್ಲ. ಗಾದಿಗೆ ಆನಿಕೊಂಡಿದ್ದ ಬಸವಂತ ಕಣ್ಣು ಒರೆಸಿಕೊಳ್ಳಲು ಕೈ ಎತ್ತಿದರೆ ಸದ್ದಾದೀತೆಂದು ಹಾಗೆಯೇ ನಿಂತಿದ್ದ.

ಸ್ಟುಡಿಯೋದ ಫಲಕ ಇಳಿದ ವಾರವೇ ಅಧ್ಯಾಯ ಜನರ ಕೈಸೇರಿತಂತೆ. ಆಟದ ಕೊನೆಗೆ ಎಲ್ಲರ ಹೆಸರನ್ನೂ ಹಾಕಿದ್ದರಂತೆ, ನಡುವೆ ಬಿಟ್ಟುಹೋದವರದನ್ನೂ. ಕಂಪನಿ ಆಡಿದಂತೆ ನಡೆದುಕೊಂಡಿತು ಎಂದು ನಿಖಿಲ್ ಸೇಠ್ ಬೇರೊಂದು ವೇದಿಕೆಯ ಮೇಲೆ ಹೇಳಿದರಂತೆ. ಹೇಳಲಿ.

ಆ ಸಂಜೆ ಗಾಡಿ ಹತ್ತಿದ ನಾನು ಹಳೆಯ ಸಾಮಾನಿನ ಗೋದಾಮಿನಲ್ಲಿ ಕಾಲ ಕಳೆದು, ಕೊನೆಗೆ ಧಾರವಾಡದ ಸಮುದಾಯ ಬಾನುಲಿ ಕೇಂದ್ರಕ್ಕೆ ಬಂದೆ. ಬಾಣಂತಿಯರ ಆರೈಕೆ, ಮಕ್ಕಳ ಮಗ್ಗಿ, ಹೋಳಿಗೆ ಮಾಡುವ ಬಗೆ, ಎಲ್ಲವನ್ನೂ ಕೇಳಿದೆ. ಈಗ ನನ್ನ ಜಾಲರಿ ನೆಗ್ಗಿದೆ, ಎದೆಯಲ್ಲಿ ಸಣ್ಣ ಗುಂಯ್‌ಗುಟ್ಟುವಿಕೆ ಸೇರಿಕೊಂಡಿದೆ. ಕಪಾಟಿನ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿದ್ದೇನೆ.

ಸುಳ್ಳೋ ನಿಜವೋ ನೋಡಿ ಹಿಡಿಯುವ ಶಕ್ತಿ ನನ್ನ ಜಾತಿಗಿಲ್ಲ; ಬಂದ ದನಿಯನ್ನು ಬಂದಂತೆ ಹಿಡಿಯುವುದಷ್ಟೇ ನಮ್ಮ ಕೆಲಸ. ಅದರ ಕೊರಗು ನನಗಿಲ್ಲ. ಆದರೆ ಒಮ್ಮೆ, ಕೆಲಸ ಹೋದ ಒಂದಿಷ್ಟು ಮಂದಿ ಗಾದಿಗಳಿಗೆ ಬೆನ್ನು ಕೊಟ್ಟು, ಉಸಿರು ಬಿಗಿಹಿಡಿದು ನಿಂತರು, ನನಗೆ ಒಂದು ಮಾತು ಸರಿಯಾಗಿ ಕೇಳಲಿ ಎಂದು. ನನಗೆ ಕೇಳಿಸಿತು.